ಅಟ್ಟದ ಕಾಯಿಯ ಕೆಳಗಿಟ್ಟ ರಿಪೋರ್ಟು

ಲಲಿತಾ, ನಿನ್ನ ಬೆರಳು ಸೊಟ್ಟಗಾಗಲು ಕಾರಣ ನಾನು. ಕಾಯಿಲೆ ತಂದವಳು ನಾನಲ್ಲ, ಸರಿ. ಆದರೆ ತಡೆಯಬಹುದಾಗಿದ್ದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡವಳು — ಮುಚ್ಚಿಕೊಂಡದ್ದೂ ಅಲ್ಲ, ಬಾಯಿ ತೆರೆದು ಸುಳ್ಳು ಹೇಳಿದವಳು. ಇದನ್ನು ಪ್ರೀತಿಯಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡ. ಒಂದೇ ಸೂರಿನಡಿ ಇಷ್ಟು ವರ್ಷ ವಾರಗಿತ್ತಿಯರಾಗಿ ಬಾಳಿದರೂ ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇಂದಿಗೂ ಅಷ್ಟಕ್ಕಷ್ಟೇ.

ನೀನು ಕೆಂಕೆರೆಯಿಂದ ಈ ಹೊನ್ನವಳ್ಳಿಯ ಮನೆಗೆ ಸೊಸೆಯಾಗಿ ಬರುವ ಮೊದಲು, ಅಟ್ಟದಿಂದ ಇಳಿಸಿದ ಕಾಯಿ ಒಡೆದು ಮೊದಲ ಉಂಡೆ ಕೊಬ್ಬರಿ ತೆಗೆಯುವ ಕೈ ನನ್ನದಾಗಿತ್ತು. ಒಂದು ಗೀರೂ ಬೀಳದ ಆ ಉಂಡೆಯನ್ನು ದೇವರ ಮುಂದೆ ಇಡುವುದು ನಮ್ಮ ಮನೆಯ ಪದ್ಧತಿ. ನೀನು ಬಂದ ವರ್ಷವೇ ಅತ್ತೆ ಅದನ್ನು ನಿನಗೆ ಕೊಟ್ಟರು. ಬಂದವರಿಗೆಲ್ಲ ನಿನ್ನ ಕೈಯನ್ನೇ ಹೊಗಳಿದರು. ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಹೆಸರಿಡಲಾರೆ.

ಆರು ವರ್ಷದ ಹಿಂದೆ ನಿನ್ನ ಕೈ ಬಿಗಿಯತೊಡಗಿತು. ಬೆಳಿಗ್ಗೆ ಕಾಫಿ ಲೋಟ ಎತ್ತಲಾಗದವಳು ಮಧ್ಯಾಹ್ನಕ್ಕೆ ಕಾಯಿ ಒಡೆಯುತ್ತಿದ್ದೆ. ಕಸ, ಕೊಟ್ಟಿಗೆ ನನಗೆ. ಹೊಗಳಿಕೆ ಬರುವ ಕೆಲಸ ನಿನಗೆ — ನಿನ್ನದು ನಾಟಕವೆಂದು ನಾನು ಊರಿಗೆಲ್ಲ ಹೇಳಿದೆ. ಆಗ ನಿಜವಾಗಿಯೂ ಹಾಗೇ ನಂಬಿದ್ದೆ. ಅಲ್ಲಿಗೇ ನಿಂತಿದ್ದರೆ ಅದು ಬರೀ ನನ್ನ ದಡ್ಡತನವಾಗುತ್ತಿತ್ತು.

ತಿಪಟೂರಿನ ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಮರುದಿನ ಬಸ್ಸಿನ ಕಂಬಿ ಹಿಡಿಯಲೂ ನಿನಗೆ ಆಗದೆ, ರಿಪೋರ್ಟು ತರಲು ನಾನೊಬ್ಬಳೇ ಹೋದೆ. ಅವರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಇದು ಸವೆತದ ನೋವಲ್ಲವಂತೆ. ದೇಹವೇ ತನ್ನ ಕೀಲುಗಳನ್ನು ಹಗೆಯೆಂದು ತಿಳಿದು ತಿನ್ನುವ ಸಂಧಿವಾತವಂತೆ. ಬೆಳಿಗ್ಗೆ ಗಂಟೆಗಟ್ಟಲೆ ಬಿಗಿದು, ಹಗಲೇರಿದಂತೆ ಸಡಿಲವಾಗುವುದೇ ಅದರ ಗುರುತಂತೆ. ನಾನು ನಾಟಕವೆಂದದ್ದು — ಅದೇ. ಈಗಲೇ ಮಾತ್ರೆ ಶುರುಮಾಡಿದರೆ ಬೆರಳು ಉಳಿಯುತ್ತವೆ, ತಡ ಮಾಡಿದರೆ ತಿರುಚಿಕೊಳ್ಳುತ್ತವೆ, ಈ ವಾರವೇ ಕರೆತನ್ನಿ ಎಂದರು.

ಬಸ್ಸಿನಲ್ಲಿ ಪೂರ್ತಿ ದಾರಿ ಯೋಚಿಸಿದೆ. ಬಾಯಿ ತಪ್ಪಿ ಬಂದ ಮಾತು ಎನ್ನುವಂತಿಲ್ಲ. ನೀನು ಜಗಲಿಯಲ್ಲೇ ಕಾಯುತ್ತಿದ್ದೆ.

"ಏನೂ ಇಲ್ವಂತೆ ಕಣೇ. ನರ ಬಿಗಿದೈತಂತೆ ಅಷ್ಟೇ. ಕೆಲ್ಸ ಮಾಡ್ತಾ ಇದ್ರೆ ತಾನೇ ಬುಡ್ತದಂತೆ."

ನೀನು ನಿಟ್ಟುಸಿರು ಬಿಟ್ಟು ನಕ್ಕೆ. ನಾನು ಅಟ್ಟ ಹತ್ತಿ, ಹೊಸದಾಗಿ ಪೇರಿಸಿದ ಕಾಯಿಗಳ ಕೆಳಗೆ ರಿಪೋರ್ಟು ತುರುಕಿದೆ. ಅಟ್ಟದ ಕಾಯಿ ಒಳಗೇ ಒಣಗಿ ಕೊಬ್ಬರಿಯಾಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಅದನ್ನು ಮುಟ್ಟುವುದಿಲ್ಲ. ಬಚ್ಚಿಡಲು ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

ಆಮೇಲೆ ನಾನೇ ನಿನ್ನ ಗೆಣ್ಣುಗಳಿಗೆ ಬಿಸಿ ಎಣ್ಣೆ ತಿಕ್ಕಿದೆ, ಹರಳೆಲೆ ಕಟ್ಟಿದೆ. ಅಕ್ಕ, ನೀನಿಲ್ಲದಿದ್ದರೆ ನನ್ನ ಗತಿ ಏನು ಎಂದು ನೀನು ಅತ್ತೆ. ಹಾಗೆ ಅತ್ತದ್ದಕ್ಕೆ ನಿನ್ನನ್ನು ಇನ್ನೂ ದ್ವೇಷಿಸಿದೆ. ಹೇಳಬಹುದಾಗಿತ್ತು, ಅವತ್ತೇ — ಹೇಳಲಿಲ್ಲ. ಮುಂದಿನ ವರ್ಷ ಕಾಯಿ ಇಳಿಸುವ ಹೊತ್ತಿಗೆ ನಿನ್ನ ಬೆರಳುಗಳು ಒಂದೇ ಕಡೆಗೆ ವಾಲಿದ್ದವು. ಯಾರ ಕಣ್ಣಿಗೂ ಬೀಳದಂತೆ ರಿಪೋರ್ಟನ್ನು ನನ್ನ ಟ್ರಂಕಿಗೆ ಸಾಗಿಸಿದೆ.

ಕೊನೆಗೆ ನಿನ್ನ ಮಗಳು ಹಟ ಹಿಡಿದು ಬೇರೆ ಡಾಕ್ಟರ ಬಳಿ ಕರೆದೊಯ್ದಳು. ಮಾತ್ರೆಯಿಂದ ಊತ ಇಳಿಯಿತು, ನೋವು ಹಿಡಿತಕ್ಕೆ ಬಂತು, ತಿರುಚಿದ್ದು ಮಾತ್ರ ನೆಟ್ಟಗಾಗಲಿಲ್ಲ. ಇಷ್ಟು ತಡವೇಕೆ ಎಂದು ಅವರು ಕೇಳಿದರಂತೆ. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ನೀನು ಆ ಮೊದಲ ಡಾಕ್ಟರನ್ನು ಶಪಿಸುತ್ತೀಯ. ನಾನು ನಿನ್ನ ತಟ್ಟೆಗೆ ಸಾರು ಬಡಿಸುತ್ತಾ ಹೂಂಗುಟ್ಟುತ್ತೇನೆ.

ಮೊನ್ನೆ ಈ ವರ್ಷದ ಕಾಯಿ ಒಡೆಯಲು ಶುರುಮಾಡಿದೆವು. ನೀನು ಮೊದಲ ಉಂಡೆಯನ್ನು ಎರಡೂ ಅಂಗೈ ನಡುವೆ ಅದುಮಿ ಎತ್ತಲು ನೋಡಿದೆ. ಅದು ಜಾರಿ ಉರುಳಿತು.

"ಇನ್ಮೇಲೆ ನೀನೇ ಇಡಕ್ಕ," ಎಂದೆ ನೀನು. "ನನ್ ಕೈಲಾಗಲ್ಲ."

ಇಟ್ಟೆ. ನಾನು ಬಯಸಿದ್ದು ನನ್ನ ಕೈಗೇ ಬಂದಿತ್ತು, ಅದೂ ನೀನಾಗಿ ಕೊಟ್ಟದ್ದು. ಆ ರಾತ್ರಿಯೇ ಟ್ರಂಕು ತೆರೆದು ರಿಪೋರ್ಟು ಹೊರತೆಗೆದೆ.

ಹಣೆಬರಹ ಎಂದು ಸಮಾಧಾನ ಹೇಳಲು ಬರುವವರನ್ನು ನಾನು ಬಾಗಿಲಿಂದಲೇ ಓಡಿಸುತ್ತೇನೆ. ಹಣೆಯಲ್ಲಿ ಬರೆದದ್ದಲ್ಲ, ಕಾಗದದಲ್ಲಿ ಬರೆದದ್ದು, ಅದು ನನ್ನ ಬಳಿ ಇತ್ತು. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುವ ಜಾತಿಯವಳು, ಅದು ನನಗೆ ಬೇಡ. ನಾಳೆ ಮಧ್ಯಾಹ್ನ ಮನೆಯವರೆಲ್ಲ ಊಟಕ್ಕೆ ಕೂತಾಗ ಆ ರಿಪೋರ್ಟು ತರುತ್ತೇನೆ. ನಾಲ್ಕು ಮಡಿಕೆಯಾಗಿದೆ, ಬಿಡಿಸಲು ನಿನ್ನ ಬೆರಳಿಗೆ ಆಗುವುದಿಲ್ಲ. ನಾನೇ ಬಿಡಿಸಿ, ನೀನು ಓದಿ ಮುಗಿಸುವವರೆಗೆ ನಿನ್ನ ಮುಂದೆ ಹಿಡಿದುಕೊಂಡು ನಿಂತಿರುತ್ತೇನೆ.