ತಂಗಿಯ ಬಾಟಲಿ

ಆ ಅಣುಸ್ಥಾವರದಲ್ಲಿ ಅವಳನ್ನು ಎಲ್ಲರೂ ಬಾಟಲಿ ಅಕ್ಕ ಎಂದೇ ಕರೆಯುತ್ತಾರೆ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ನೀರು ತುಂಬಿದ ಬೆರಳುದ್ದದ ಬಾಟಲಿಗಳನ್ನು ಯಂತ್ರದ ಹೊಟ್ಟೆಗಿಟ್ಟು, ಅವುಗಳಲ್ಲಿ ಟ್ರಿಟಿಯಂ ಎಷ್ಟಿದೆ ಎಂದು ಎಣಿಸುವುದು ಅವಳ ಹತ್ತೊಂಬತ್ತು ವರ್ಷದ ಕೆಲಸ.

ಟ್ರಿಟಿಯಂ ಎಂದರೆ ವಿಕಿರಣ ಸೂಸುವ ಹೈಡ್ರೋಜನ್. ಬೇರೆ ಕೊಳೆಯಾದರೆ ಸೋಸಿ ತೆಗೆಯಬಹುದು, ಇದು ಯಾವ ಜರಡಿಗೂ ಸಿಗುವುದಿಲ್ಲ. "ಇದು ನೀರಲ್ಲಿರೋ ಕೊಳೆ ಅಲ್ಲ ಕಣ್ರೀ, ಇದೇ ನೀರಾಗಿ ಕೂತಿರುತ್ತೆ. ಕಳ್ಳ ಮನೆಯವನ ಥರಾನೇ ಇದ್ದರೆ ನಾಯಿ ಬೊಗಳುತ್ತಾ?" ಎಂದು ಹೊಸಬರಿಗೆ ಹೇಳುತ್ತಾಳೆ. ಆ ಕಳ್ಳನನ್ನು ಹಿಡಿಯಲೆಂದೇ ಅಂಗಳದಲ್ಲಿ ಏಳು ಅಂತಸ್ತಿನ ಉಕ್ಕಿನ ಗೋಪುರಗಳು ನಿಂತಿವೆ. ಮೇಲಿಂದ ಕಲುಷಿತ ನೀರು ಇಳಿಯುತ್ತದೆ, ಕೆಳಗಿಂದ ಹೈಡ್ರೋಜನ್ ಅನಿಲ ಏರುತ್ತದೆ. ಎರಡೂ ಎದುರಾಗುವ ಕಡೆ ಟ್ರಿಟಿಯಂ ನೀರನ್ನು ಬಿಟ್ಟು ಅನಿಲಕ್ಕೆ ದಾಟುತ್ತದೆ. ಆಮೇಲೆ ಆ ಅನಿಲವನ್ನು ವಿಪರೀತ ತಣಿಸಿ, ಟ್ರಿಟಿಯಂ ಬೇರ್ಪಡಿಸಿ, ಲೋಹದ ಪುಡಿಯಲ್ಲಿ ಬಂಧಿಸುತ್ತಾರೆ.

ಸೋಮವಾರದ ದಿನ ಗೋಪುರದ ನೀರಿನ ಜೊತೆಗೆ ನೌಕರರ ಮೂತ್ರದ ಬಾಟಲಿಗಳೂ ಬರುತ್ತವೆ. ಮ್ಯಾನೇಜರರಿಂದ ಹಿಡಿದು ಕಸ ಗುಡಿಸುವವನವರೆಗೆ ಯಾರಿಗೂ ವಿನಾಯಿತಿ ಇಲ್ಲ. "ದೊಡ್ಡವರ ಬಂಡವಾಳ ಎಲ್ಲ ನನಗೆ ಗೊತ್ತು" ಎಂಬುದು ಅವಳ ಹಳೆಯ ತಮಾಷೆ.

ಆ ಸೋಮವಾರ ಮಾತ್ರ ತಮಾಷೆ ಬಾಯಲ್ಲೇ ಒಣಗಿತು. ಪ್ರತಿ ವಾರ ತೊಂಬತ್ತರ ಆಸುಪಾಸಿನಲ್ಲಿರುತ್ತಿದ್ದ ಒಂದು ಬಾಟಲಿಯ ಎಣಿಕೆ ನಾಲ್ಕು ಸಾವಿರ ದಾಟಿತ್ತು. ಅದು ಅವಳ ತಂಗಿಯ ಬಾಟಲಿ.

ತಂಗಿ ಅದೇ ಸ್ಥಾವರದ ಲಾಂಡ್ರಿಯಲ್ಲಿ ಕೆಲಸಗಾರರ ರಕ್ಷಣಾ ಉಡುಪುಗಳನ್ನು ಒಗೆದು ಒಣಗಿಸುತ್ತಾಳೆ. ಅವಳಿಗೀಗ ಮೂರು ತಿಂಗಳು. ಹಿಂದೆ ಎರಡು ಸಲ ಕಟ್ಟಿದ ಬಸಿರು ಉಳಿಯಲಿಲ್ಲ. ಬಸುರಿಯರು ಕೂಡಲೇ ತಿಳಿಸಿ ಬೇರೆ ವಿಭಾಗಕ್ಕೆ ಹೋಗಬೇಕೆಂಬುದು ನಿಯಮ. ಆದರೆ ಹಿಂದಿನ ವಾರ ತಂಗಿ ಅಕ್ಕನ ಕೈ ಹಿಡಿದು, "ಐದು ತಿಂಗಳಾಗೋವರೆಗೂ ಬಾಯಿ ಬಿಡಬೇಡ. ಹೋದ ಸಲ ಎಲ್ಲರೂ ಬಂದು ಅಯ್ಯೋ ಅಂದರಲ್ಲ, ಅದನ್ನ ಮತ್ತೆ ಕೇಳೋಕಾಗಲ್ಲ" ಎಂದು ಅತ್ತಿದ್ದಳು. ಲಾಂಡ್ರಿಯವರ ಎಣಿಕೆ ಯಾವತ್ತೂ ಏರಿದ್ದಿಲ್ಲ ಎಂಬ ಧೈರ್ಯದಿಂದ ಅಕ್ಕ ಒಪ್ಪಿದಳು. ಬುದ್ಧಿಯನ್ನೂ ಹೇಳಿದಳು: "ನೀರು ಮಾತ್ರ ಚೆನ್ನಾಗಿ ಕುಡಿ. ಮೈಗೆ ಏನೇ ಸೇರಿದ್ದರೂ ನೀರಿನ ಜೊತೆ ಹೊರಟುಹೋಗುತ್ತೆ."

ನಾಲ್ಕು ಸಾವಿರ ಕಂಡ ಅಕ್ಕ ಎದೆ ಗಟ್ಟಿ ಮಾಡಿಕೊಂಡಳು. ವಿಕಿರಣಕ್ಕೆ ಮಿನುಗುವ ದ್ರವ ಹೊಸದಾಗಿ ಬೆರೆಸಿದ ಬಾಟಲಿಗೆ ಬೆಳಕು ತಗುಲಿದರೆ ಯಂತ್ರ ಹೆಚ್ಚು ಎಣಿಸಿ ಸುಳ್ಳು ಹೇಳುವುದುಂಟು. ಕತ್ತಲಲ್ಲಿ ಎರಡು ಗಂಟೆ ಇಟ್ಟರೆ ಸುಳ್ಳು ಇಳಿಯುತ್ತದೆ. ಕಿಟಕಿಯ ಪಕ್ಕದಲ್ಲೇ ಬೆರೆಸಿದೆನಲ್ಲ, ಅದಕ್ಕೇ ಇರಬೇಕು. ಬಾಟಲಿಯನ್ನು ಕಪ್ಪು ಪೆಟ್ಟಿಗೆಗೆ ಹಾಕಿ ಗಡಿಯಾರದ ಮುಂದೆ ಕೂತಳು. ಒಂದೊಂದು ನಿಮಿಷವೂ ಒಂದೊಂದು ಯುಗವಾಯಿತು. ಕಂಡಕಂಡ ದೇವರಿಗೆಲ್ಲ ಕೈಮುಗಿದಳು. ಎರಡು ಗಂಟೆಯ ನಂತರ ಮತ್ತೆ ಎಣಿಸಿದರೆ, ಅದೇ ನಾಲ್ಕು ಸಾವಿರ.

ಅವಳು ಲಾಂಡ್ರಿಗೆ ಓಡಿದಳು. ಸಾಲುಸಾಲಾಗಿ ಒದ್ದೆ ಉಡುಪುಗಳು ತೂಗುತ್ತಿದ್ದವು, ಗಾಳಿಯೆಲ್ಲ ತೇವ. ತಂಗಿ ಕಪಾಟಿನ ಹಿಂದೆ ನಿಂತು ಸ್ಟೀಲಿನ ಬಿಂದಿಗೆಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದಳು. ಬಿಂದಿಗೆಗೆ ಮುಚ್ಚಳವಿರಲಿಲ್ಲ.

"ಇದ್ಯಾವ ನೀರೇ? ಒಳಗೆ ಏನೂ ಕುಡೀಬಾರದು ಅಂತ ಗೊತ್ತಿಲ್ವಾ?"

"ಹೊರಗಿನ ನಲ್ಲೀದೇ, ನಾನೇ ತಂದಿದ್ದು. ಗಂಟೆಗೊಂದು ಸಲ ಬಟ್ಟೆ ಬದಲಿಸಿ, ಎರಡು ಬಾಗಿಲು ದಾಟಿ ಹೋದರೆ ಯಾರಿಗಾದರೂ ಅನುಮಾನ ಬರಲ್ವಾ? ನೀನೇ ಹೇಳಿದೆಯಲ್ಲ ಅಕ್ಕಾ, ಚೆನ್ನಾಗಿ ಕುಡಿ ಅಂತ. ದಿನಕ್ಕೆ ಮೂರು ಲೀಟರ್ ಕುಡೀತಿದೀನಿ."

ಅಕ್ಕ ಬಿಂದಿಗೆಯನ್ನು ಕಸಿದು ಪಕ್ಕಕ್ಕಿಟ್ಟಳು. ಒದ್ದೆ ಉಡುಪುಗಳ ತೇವದಲ್ಲಿ ಟ್ರಿಟಿಯಂ ಇರುತ್ತದೆ. ಬಾಯ್ತೆರೆದ ಬಿಂದಿಗೆಯ ನೀರು ಅದನ್ನು ಗಾಳಿಯಿಂದಲೇ ಹೀರುತ್ತದೆ. ಹತ್ತೊಂಬತ್ತು ವರ್ಷ ತನ್ನ ಬಾಟಲಿಗಳ ಮುಚ್ಚಳ ಬಿಗಿ ಮಾಡುತ್ತ ಬಂದವಳಿಗೆ ಇದು ತಿಳಿಯದ್ದಲ್ಲ. ನೀರು ಕುಡಿ ಎಂದವಳು, ಎಲ್ಲಿ ಕುಡಿಯಬೇಕು ಎಂದು ಮಾತ್ರ ಹೇಳಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ವಿಷಯ ಕೇಳಿದ ತಂಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಆಮೇಲೆ ಮೆಲ್ಲಗೆ, "ನೀರು ಚೆಲ್ಲಿಬಿಡ್ತೀನಿ. ನೀನು ತೊಂಬತ್ತು ಅಂತ ಬರಿ. ಯಾರಿಗೆ ಗೊತ್ತಾಗುತ್ತೆ?" ಎಂದಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಲ್ಯಾಬಿಗೆ ಮರಳಿ ಪೆನ್ನು ಹಿಡಿದಾಗ ಅಕ್ಕನಿಗೂ ಅದೇ ಆಸೆಯಾಯಿತು. ಒಂದು ಅಂಕಿ, ಅಷ್ಟೇ. ಒಂಬತ್ತರ ತಲೆಯನ್ನು ಸುತ್ತಿಯೂ ಬಿಟ್ಟಿದ್ದಳು. ಮಗುವಿಗೆ ಏನಾಗಿದೆಯೋ ನೋಡಬೇಕಾದವರು ಡಾಕ್ಟರಮ್ಮ, ತಾನಲ್ಲ, ಎನ್ನಿಸಿದಾಗ ಕೈ ನಿಂತಿತು. ಒಂಬತ್ತನ್ನು ಹೊಡೆದುಹಾಕಿ, ಸಹಿ ಹಾಕಿ, ಪಕ್ಕದಲ್ಲಿ ನಾಲ್ಕು ಸಾವಿರವನ್ನೇ ಬರೆದಳು. ನೇರ ಸ್ಥಾವರದ ಡಾಕ್ಟರಮ್ಮನ ಬಳಿ ಹೋಗಿ, ಬಸಿರು, ಬಿಂದಿಗೆ, ತನ್ನ ಬುದ್ಧಿವಾದ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ತಂಗಿಯನ್ನು ಅಂದೇ ಹೊರಗಿನ ಉಗ್ರಾಣಕ್ಕೆ ಕಳಿಸಿದರು. "ಈ ಅಂಕಿಗೆ ಮಗುವಿಗೆ ಅಪಾಯ ಆಗಲ್ಲ. ಆದರೆ ಇನ್ನೆರಡು ತಿಂಗಳು ಹೀಗೇ ಕುಡಿದಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ" ಎಂದರು ಡಾಕ್ಟರಮ್ಮ. ಮುಚ್ಚಿಟ್ಟಿದ್ದಕ್ಕೆ ಅಕ್ಕ ತಂಗಿ ಇಬ್ಬರಿಗೂ ನೋಟಿಸ್ ಬಂತು. ಸಂಜೆಯೊಳಗೆ ಬಸಿರಿನ ಸುದ್ದಿ ಕ್ಯಾಂಟೀನಿನ ತುಂಬ ಹರಡಿತ್ತು.

"ಮಾತು ಕೊಟ್ಟು ತಪ್ಪಿದೆ. ಇನ್ಮೇಲೆ ನೀನು ನನ್ನ ಅಕ್ಕ ಅಲ್ಲ" ಎಂದಳು ತಂಗಿ.

ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಸೋಮವಾರ ಬರುವ ಬಾಟಲಿಯೇ ಅಕ್ಕನ ಪಾಲಿಗೆ ತಂಗಿಯ ಯೋಗಕ್ಷೇಮದ ಕಾಗದ. ಎರಡು ಸಾವಿರದ ನಾನೂರು. ಸಾವಿರದ ಮುನ್ನೂರು. ಎಂಟುನೂರು. ಪ್ರತಿ ಸಲವೂ ಅಂಕಿ ಬರುವ ತನಕ ಅವಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು, ಇಳಿದದ್ದು ಕಂಡು ಯಾರಿಗೂ ಕಾಣದಂತೆ ಅಳುತ್ತಿದ್ದಳು.

ಐದು ತಿಂಗಳು ತುಂಬಿದ ವಾರ ಲ್ಯಾಬಿನ ಹೊರಬಾಗಿಲಲ್ಲಿ ತಂಗಿ ನಿಂತಿದ್ದಳು. ಹೊಟ್ಟೆ ಎದ್ದು ಕಾಣುತ್ತಿತ್ತು. ಕೈಯಲ್ಲಿ ಖಾಲಿ ನೀರಿನ ಬಾಟಲಿ.

"ತುಂಬಿಸಿಕೊಡು" ಎಂದಳು, ಮುಖ ನೋಡದೆ.

"ಉಗ್ರಾಣದ ಹತ್ರಾನೇ ನಲ್ಲಿ ಇದೆಯಲ್ಲೇ."

"ಇದೆ. ನೀನು ತುಂಬಿಸಿದ್ದಾದರೆ ಮಾತ್ರ ಗಂಟಲಲ್ಲಿ ಇಳಿಯುತ್ತೆ."

ಅಕ್ಕ ಹೊರಗಿನ ನಲ್ಲಿಯಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ತುಂಬಿಸಿ, ಮುಚ್ಚಳವನ್ನು ಎರಡೆರಡು ಸಲ ಬಿಗಿ ಮಾಡಿ ಕೊಟ್ಟಳು.