ಅರಳೆಯಮ್ಮ ಹೊಲಿದ ದಿಂಬು

ತವರಿನಲ್ಲಿ ಅವಳಿಗೆ ಇಟ್ಟ ಹೆಸರು ಬೇರೆಯೇ ಇತ್ತು. ಹತ್ತಿ ಹಿಂಜುವ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬುವುದರೊಳಗೆ ಆ ಹೆಸರು ಎಲ್ಲಿಗೋ ಹಾರಿಹೋಯಿತು. ರೆಪ್ಪೆಯ ಮೇಲೆ, ಮುಂಗುರುಳಲ್ಲಿ, ಸೆರಗಿನ ಮಡಿಕೆಯಲ್ಲಿ ಸದಾ ಒಂದಿಷ್ಟು ಅರಳೆ ಅಂಟಿಕೊಂಡೇ ಇರುತ್ತಿದ್ದುದರಿಂದ ಬೀದಿಯವರು ಅವಳನ್ನು ಅರಳೆಯಮ್ಮ ಎಂದರು. ಗಂಡನೂ ಹಾಗೇ ಕರೆದ. ಕೊನೆಗೆ ಅವಳೂ ಅದಕ್ಕೇ ಓಗೊಡತೊಡಗಿದಳು.

ಮನೆ ಇದ್ದದ್ದು ಅರಮನೆಯ ಹಿಂಬದಿಯ ಓಣಿಯಲ್ಲಿ. ಬೀದಿಗೆ ತೆರೆದ ಉದ್ದ ಕೋಣೆಯೇ ಕೆಲಸದ ಜಾಗ. ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟ ಆಳುದ್ದದ ಬಿಲ್ಲಿನ ಹೆದೆಯನ್ನು ಗಂಡ ಮರದ ಕೊಡತಿಯಿಂದ ಮೀಟಿದರೆ ಠೊಂಯ್ ಎಂದು ಸದ್ದಾಗಿ, ಗಂಟುಗಟ್ಟಿದ ಹತ್ತಿ ಎಳೆ ಎಳೆಯಾಗಿ ಬಿಚ್ಚಿಕೊಂಡು ಮೇಲೇಳುತ್ತಿತ್ತು. ಎತ್ತರದ ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ, ಇಳಿಯಲೋ ಬೇಡವೋ ಎಂದು ಯೋಚಿಸುತ್ತಿರುವಂತೆ ಅದು ತೇಲುತ್ತಿತ್ತು. ಆ ಕೋಣೆಗೆ ಕಾಲಿಟ್ಟವರು ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಅತ್ತೆಯೊಬ್ಬಳು ಮಾತ್ರ ದನಿ ತಗ್ಗಿಸಿದವಳಲ್ಲ. ಅವಳ ಕಣ್ಣು ಮಂಜಾಗಿತ್ತು. ಬೆರಳಿನಿಂದಲೇ ಅಂಚು ತಡವಿ ಹಾಸಿಗೆಯ ಗವಸು ಹೊಲಿಯುತ್ತಿದ್ದಳು. ಹೊಲಿಯುತ್ತಾ ರಾಜವಂಶದ ಕಥೆ ಹೇಳುತ್ತಿದ್ದಳು. ಅರಮನೆಯ ಬಾಗಿಲಲ್ಲಿ ಹೊಗಳುಭಟರು ಈ ವಂಶ ಚಂದ್ರನಿಂದ ಇಳಿದು ಬಂದದ್ದು ಎಂದು ಹಾಡಿದರೆ, ಅತ್ತೆಯ ಲೆಕ್ಕದಲ್ಲಿ ಅದು ಇಳಿದದ್ದು ಕುದುರೆಯಿಂದ.

"ಮೊದಲನೇ ದೊರೆ ಕುದುರೆ ಜೀನನ್ನೇ ತಲೆ ಕೆಳಗೆ ಇಟ್ಕೊಂಡು ಬಯಲಲ್ಲಿ ಮಲಗ್ತಿದ್ದನಂತೆ. ಮಗ ಕೋಟೆ ಕಟ್ಟಿಸ್ದ, ಒಂದು ಹಾಸಿಗೆ ಹೊಲಿಸ್ದ. ಮೊಮ್ಮಗನ ಕಾಲಕ್ಕೆ ಹಾಸಿಗೆ ಮೇಲೆ ಹಾಸಿಗೆ. ಮರಿಮಗನಿಗೆ ಮಂಚ ಹತ್ತೋಕೆ ಮೆಟ್ಟಿಲು ಬೇಕಾಯ್ತು. ಈಗಿನೋನಿಗೆ ಎಲ್ಲಾ ಇದೆ, ನಿದ್ದೆ ಒಂದಿಲ್ಲ."

ಅದು ನಿಜವೇ. ಈಗಿನ ದೊರೆ ಒಳ್ಳೆಯವನೆಂದು ಹೆಸರಾಗಿದ್ದ. ಕೆರೆ ತೋಡಿಸಿದ್ದ, ದಾರಿಯುದ್ದಕ್ಕೂ ನೆರಳಿನ ಮರ ನೆಡಿಸಿದ್ದ. ಆದರೆ ಪಟ್ಟಕ್ಕೆ ಬಂದಾಗಿನಿಂದ ಅವನು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ದೊರೆ ರಾತ್ರಿಯೆಲ್ಲ ಮಾಳಿಗೆಯ ಮೇಲೆ ಓಡಾಡುವುದರಿಂದಲೇ ಊರಲ್ಲಿ ಕಳ್ಳತನ ನಿಂತುಹೋಗಿದೆ ಎಂದು ಜನ ನಗುತ್ತಿದ್ದರು.

ನಗದೆ ಇದ್ದವರು ಹತ್ತಿ ಮನೆಯವರು. ಅರಮನೆಯ ಹಾಸಿಗೆಗಳು ಮತ್ತೆ ಮತ್ತೆ ವಾಪಸು ಬರುತ್ತಿದ್ದವು. ಮಲಗುಮನೆಯ ಮೇಲ್ವಿಚಾರಕ ಒಮ್ಮೆ ಗಟ್ಟಿಯಾಯಿತು ಎನ್ನುತ್ತಿದ್ದ, ಇನ್ನೊಮ್ಮೆ ಮೆತ್ತಗಾಯಿತು ಎನ್ನುತ್ತಿದ್ದ. ಗಂಡ ಬಿಚ್ಚಿ ಮತ್ತೆ ಹಿಂಜುತ್ತಿದ್ದ. ಒಂದು ಸಲ ಅರಳೆಯಮ್ಮ ಯಾರಿಗೂ ಹೇಳದೆ, ಹಿತ್ತಲಲ್ಲಿ ಅರಳಿದ ಬಿಳಿ ಹೂಗಳನ್ನು ನೆರಳಲ್ಲಿ ಒಣಗಿಸಿ ದೊರೆಯ ದಿಂಬಿನೊಳಗೆ ಸೇರಿಸಿ ಹೊಲಿದು ಕಳಿಸಿದಳು.

ಅದಾದ ಕೆಲವು ದಿನಗಳಿಗೆ, ಓಣಿಯಲ್ಲಿ ನಾಯಿಗಳೂ ತೂಕಡಿಸುವ ಮಧ್ಯಾಹ್ನದ ಹೊತ್ತು, ಸಾದಾ ಪಂಚೆಯ ಗಂಡಸೊಬ್ಬ ಬಾಗಿಲಲ್ಲಿ ಬಂದು ನಿಂತ. ಕಣ್ಣ ಕೆಳಗೆ ಕಪ್ಪುಗಟ್ಟಿತ್ತು.

"ಅರಮನೆಯಿಂದ ಬಂದೆ. ಹತ್ತಿ ಹೇಗಿದೆ ನೋಡೋಣ ಅಂತ," ಎಂದ.

"ಉಗ್ರಾಣದೋನಾ? ಬಾಗಿಲಿಗೆ ಅಡ್ಡ ನಿಲ್ಬೇಡಪ್ಪ, ಗಾಳಿ ಬರಲ್ಲ. ಅಲ್ಲೇ ಕೂತ್ಕೋ," ಎಂದಳು ಅತ್ತೆ.

ಅವನು ಹಿಂಜಿದ ಹತ್ತಿಯ ರಾಶಿಯ ಮೇಲೆ ಕೂತ. ಕೂತವನು ಒರಗಿದ. ಹೆದೆಯ ಸದ್ದು ನಿಧಾನವಾಗಿ ಏರಿ ಇಳಿಯುತ್ತಿತ್ತು. ಬಿಳಿ ಎಳೆಗಳು ಅವನ ಎದೆಯ ಮೇಲೆ, ಮೀಸೆಯ ಮೇಲೆ ಬಂದು ಕೂತವು. ನೋಡುತ್ತಿದ್ದಂತೆ ಅವನಿಗೆ ನಿದ್ದೆ ಹತ್ತಿತು.

ಪಕ್ಕದ ಚೀಲ ಎತ್ತಲು ಬಗ್ಗಿದ ಅರಳೆಯಮ್ಮನಿಗೆ ಅವನ ಕೂದಲಿನಿಂದ ಒಣಗಿದ ಹೂವಿನ ವಾಸನೆ ಬಂತು. ಆ ಹೂ ಇದ್ದದ್ದು ಒಂದೇ ದಿಂಬಿನಲ್ಲಿ. ಅವಳು ಚೀಲ ಎತ್ತದೆ ಹಿಂದೆ ಸರಿದಳು. ಗಂಡ ಬೆವರು ಒರೆಸಿಕೊಳ್ಳಲು ಕೈ ನಿಲ್ಲಿಸಿದ. ಮಲಗಿದವನ ಹುಬ್ಬು ಗಂಟಾಯಿತು.

"ನಿಲ್ಲಿಸ್ಬೇಡಿ," ಎಂದಳು ಮೆಲ್ಲಗೆ.

"ತೋಳು ಬಿದ್ದು ಹೋಗ್ತಿದೆ ಕಣೇ."

"ಹಾಗಾದ್ರೆ ಕೊಡಿ ಇಲ್ಲಿ."

ಆ ಮನೆಯಲ್ಲಿ ಹೆಂಗಸರು ಬಿಲ್ಲು ಮುಟ್ಟಿದ್ದಿಲ್ಲ. ಗಂಡ ಕಣ್ಣರಳಿಸಿ ನೋಡಿ ಕೊಡತಿ ಕೊಟ್ಟ. ಆ ಮಧ್ಯಾಹ್ನವೆಲ್ಲ ಗಂಡ ಹೆಂಡತಿ ಸರದಿಯ ಮೇಲೆ ಹೆದೆ ಮೀಟಿದರು. ಹಿಂಜಬೇಕಾದ ಹತ್ತಿ ಮುಗಿದ ಮೇಲೆ ಹಿಂಜಿದ್ದನ್ನೇ ಹಿಂಜಿದರು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಇಡೀ ಕೋಣೆ ನೆಲ ಬಿಟ್ಟು ತುಸು ಮೇಲೆದ್ದು ಎಲ್ಲಿಗೋ ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ದೊರೆಯೊಬ್ಬ ತನ್ನ ಮನೆಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ ಎಂಬುದು ಭಯವೋ ಸಂತೋಷವೋ ಅವಳಿಗೆ ತಿಳಿಯಲಿಲ್ಲ.

ಎದ್ದವನು ತಾನೆಲ್ಲಿದ್ದೇನೆಂದು ಸುತ್ತ ನೋಡಿದ. ಅತ್ತೆ ಅವನ ಕಡೆ ನೀರಿನ ತಂಬಿಗೆ ತಳ್ಳಿದಳು.

"ಒಳ್ಳೇ ನಿದ್ದೆಗಾರ ನೀನು. ನಿಮ್ಮ ದೊರೆಗೂ ಸ್ವಲ್ಪ ಕಲಿಸ್ಬಾರ್ದಾ?"

"ಅವರಿಗೆ ಯಾಕೆ ನಿದ್ದೆ ಬರಲ್ಲ ಅಂತೀರಿ?"

"ಅಣ್ಣನ ಜಾಗದಲ್ಲಿ ಮಲಗಿದೋನಿಗೆ ಹೇಗಪ್ಪ ಬರುತ್ತೆ? ಮಂತ್ರಿಗಳು ಹೇಳಿದ ಹಾಗೆ ಕೇಳಲ್ಲ ಅಂತ ದೊಡ್ಡೋನನ್ನ ಬೆಟ್ಟದ ಕೋಟೆಗೆ ಹಾಕಿದ್ರು. ಚಿಕ್ಕೋನು ಬೇಡ ಅನ್ನಲಿಲ್ಲ."

ಅರಳೆಯಮ್ಮನ ಕೈಯಿಂದ ಕೊಡತಿ ಜಾರಿ ಬಿತ್ತು. ಅವನು ನೀರು ಕುಡಿಯದೆ ತಂಬಿಗೆಯನ್ನು ಕೆಳಗಿಟ್ಟ.

"ಬೆಟ್ಟದ ಕೋಟೆಗೆ ನೀವು ಯಾವ ಹಾಸಿಗೆ ಕಳಿಸಿದ್ರಿ?" ಎಂದು ಕೇಳಿದ.

"ಕಳಿಸಿ ಅಂತ ಯಾರೂ ಹೇಳಲಿಲ್ಲ," ಎಂದಳು ಅರಳೆಯಮ್ಮ.

"ಈಗ ಹೇಳ್ತಿದ್ದೀನಿ," ಎಂದು ಅವನು ಎದ್ದು ಹೋದ.

ಹೊಸ ಹತ್ತಿಯ ದಪ್ಪ ಹಾಸಿಗೆಯೊಂದು ಸಿದ್ಧವಾಯಿತು. ಗಂಡ ಹೆಂಡತಿ ಅದನ್ನು ಗಾಡಿಗೆ ಹೇರಿಕೊಂಡು ಬೆಟ್ಟಕ್ಕೆ ಹೊರಟರು. ಮೇಲೇರಿದಂತೆ ಮಂಜು ದಟ್ಟವಾಗಿ, ಎತ್ತಿನ ಕೊಂಬು ಕಾಣಿಸಿದರೆ ಬಾಲ ಕಾಣಿಸುತ್ತಿರಲಿಲ್ಲ. ಕೋಟೆಯ ಬಾಗಿಲಲ್ಲಿ ಕಾವಲುಗಾರರು ತಡೆದರು. ಹಾಸಿಗೆಯೊಳಗೆ ಕತ್ತಿಯೋ ಓಲೆಯೋ ಇರಬಹುದೆಂದು ಅವರಿಗೆ ಅನುಮಾನ.

"ಹತ್ತಿ ಬಿಟ್ಟು ಏನೂ ಇಲ್ಲ, ಅಣ್ಣಾ," ಎಂದು ಗಂಡ ಗೋಗರೆದ. ಅವರು ಕೇಳಲಿಲ್ಲ. ಒಬ್ಬ ಈ ತುದಿಯಿಂದ ಆ ತುದಿಗೆ ಚಾಕು ಎಳೆದ.

ಬೆಟ್ಟದ ಗಾಳಿ ಅದಕ್ಕಾಗಿಯೇ ಕಾಯುತ್ತಿದ್ದಂತೆ ಬೀಸಿತು. ಹತ್ತಿ ಎದ್ದು ಅಂಗಳ ತುಂಬಿತು, ಗೋಡೆ ಹತ್ತಿತು, ಕಾವಲುಗಾರರ ಈಟಿಗಳಿಗೆ ಸುತ್ತಿಕೊಂಡಿತು. ಮಂಜು ಯಾವುದು, ಹತ್ತಿ ಯಾವುದು ತಿಳಿಯದಾಯಿತು. ಆ ಬಿಳುಪಿನ ಒಳಗಿನಿಂದ ನರೆತ ಗಡ್ಡದ ದೊಡ್ಡಾಳೊಬ್ಬ ಎರಡು ಕೈಯಲ್ಲೂ ಹತ್ತಿ ತಬ್ಬಿಕೊಂಡು ನಗುತ್ತಾ ಬಂದ. ಅವನೇ ಅಣ್ಣ ಎಂದು ಯಾರೂ ಹೇಳಬೇಕಾಗಲಿಲ್ಲ, ಮುಖ ತಮ್ಮನದೇ.

ಅರಳೆಯಮ್ಮ ಅಂಗಳದಲ್ಲೇ ಕೂತು ಸೀಳಿದ ಗವಸು ಹೊಲಿದಳು. ಅವನು ಹತ್ತಿ ಆರಿಸಿ ತಂದು ತಂದು ಸುರಿದ.

"ಕಳಿಸಿದ್ದು ಯಾರು, ತಾಯಿ?"

"ದೊರೆಗಳು."

"ಅವನು ಹೇಗಿದ್ದಾನೆ?"

ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. "ಅರಮನೆಯಲ್ಲಿ ಅವರಿಗೆ ನಿದ್ದೆ ಬರಲ್ಲ, ಸ್ವಾಮಿ. ಮೊನ್ನೆ ನಮ್ಮ ಮನೆಗೆ ಬಂದು ಹತ್ತಿ ರಾಶಿ ಮೇಲೆ ಮಲಗಿದ್ರು."

ಅವನು ನಕ್ಕ, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡ. "ಚಿಕ್ಕವನಿದ್ದಾಗಲೂ ಹಾಗೇ. ನನ್ನ ಪಕ್ಕ ಮಲಗಿ ನನ್ನ ಕಿವಿ ಹಾಲೆ ಹಿಡ್ಕೊಂಡ್ರೇನೇ ಅವನಿಗೆ ನಿದ್ದೆ. ಬಿಡಿಸಿದ್ರೆ ಎದ್ದು ಕೂಗೋನು. ನನ್ನ ಈ ಎಡಗಿವಿ ಜೋತು ಬಿದ್ದಿದ್ದೇ ಅವನಿಂದ."

ಸಿಟ್ಟು ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ತನಗೆ ಸುಲಭವಾಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಮನೆಗೆ ಬಂದವಳೇ ದೊರೆಗೆ ಹೊಸ ದಿಂಬು ಹೊಲಿದಳು. ಅದರ ಒಂದು ಅಂಚಿಗೆ, ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಚಿಟಿಕೆ ಹತ್ತಿ ತುಂಬಿ, ಕಿವಿಯ ಹಾಲೆಯಷ್ಟು ದೊಡ್ಡದೊಂದು ತುಂಡು ಸೇರಿಸಿದಳು.

"ಇದೇನೇ ಇದು?" ಎಂದ ಗಂಡ.

"ಇರಲಿ ಬಿಡಿ."

ಮರುದಿನ ಬೆಳಿಗ್ಗೆ ಮೇಲ್ವಿಚಾರಕ ಏದುಸಿರು ಬಿಡುತ್ತಾ ಓಡಿಬಂದ. "ದಿಂಬಿಗೆ ಏನು ಮಾಡಿದ್ರಿ? ದೊರೆಗಳು ಅದರ ಮೂಲೆ ಹಿಡ್ಕೊಂಡು ಕೂತಿದ್ದಾರೆ. ಅಳ್ತಿದ್ದಾರೆ."

ಅಷ್ಟರಲ್ಲಿ ಅರಮನೆಯ ಬಾಗಿಲಲ್ಲಿ ಕುದುರೆಗಳ ಸದ್ದಾಯಿತು. ಮಂತ್ರಿಗಳು ಬೇಡ ಬೇಡವೆನ್ನುತ್ತಾ ಹಿಂದೆ ಓಡುತ್ತಿದ್ದಂತೆ ದೊರೆ ಬೆಟ್ಟದ ದಾರಿ ಹಿಡಿದ.

ಅಣ್ಣತಮ್ಮಂದಿರು ಇಳಿದು ಬಂದದ್ದು ಮೂರನೆಯ ದಿನ. ಇಬ್ಬರೂ ಕುದುರೆಗಳನ್ನು ಹಿಂದೆ ಬಿಟ್ಟು, ಮಾತಾಡುತ್ತಾ ನಡೆದುಕೊಂಡೇ ಬಂದರು. ದೊರೆ ಸಭೆಯ ನಡುವೆ ಸಿಂಹಾಸನ ಬಿಟ್ಟೆದ್ದು ಅಣ್ಣನ ಕೈ ಹಿಡಿದನಂತೆ. "ಅದರ ಮೇಲೆ ಕೂತು ನಿನ್ನ ಬೆನ್ನು ಬಗ್ಗಿದೆ, ನನ್ನದೂ ಬಗ್ಗಲಿ ಅಂತೀಯಾ?" ಎಂದು ಅಣ್ಣ ಕುದುರೆ ಲಾಯದ ಉಸ್ತುವಾರಿ ಕೇಳಿ ಪಡೆದನಂತೆ. ಆಮೇಲೆ ಊರಿನವರಿಗೆ ರಾತ್ರಿ ಮಾಳಿಗೆಯ ಮೇಲೆ ಯಾರೂ ಕಾಣಿಸಲಿಲ್ಲ.

ಆ ದೊರೆ ಬಹಳ ಕಾಲ ಆಳಿದ. ಒಮ್ಮೆ ಮೆರವಣಿಗೆ ನಿಲ್ಲಿಸಿ ಹತ್ತಿ ಮನೆಯ ಬಾಗಿಲಲ್ಲಿ ಇಳಿದಾಗ, ಅತ್ತೆ ದನಿಯಿಂದಲೇ ಅವನನ್ನು ಗುರುತು ಹಿಡಿದಳು. ಸೂಜಿ ನಿಲ್ಲಿಸಿ, "ಅವತ್ತು ಹೇಳಿದ್ದು ನಾನೇ. ಸುಳ್ಳೇನೂ ಹೇಳಿರಲಿಲ್ಲ," ಎಂದಳು. ದೊರೆ ಬಗ್ಗಿ ಅವಳ ಕಾಲು ಮುಟ್ಟಿದ. ಅದನ್ನು ಅವಳು ಸಾಯುವ ತನಕ ಬೀದಿಗೆಲ್ಲ ಹೇಳಿದಳು. ಅರ್ಧ ಜನ ನಂಬಲಿಲ್ಲ.

ವಂಶ ಮಾತ್ರ ಹೆಚ್ಚು ಉಳಿಯಲಿಲ್ಲ. ಅಣ್ಣ ಹೋದ, ತಮ್ಮನೂ ಹೋದ. ಅವನ ಮಗ ಯುದ್ಧದಲ್ಲಿ ಸೋತ. ಬೇರೆ ಬಾವುಟ ಏರಿತು. ಹೊಸ ಹೊಗಳುಭಟರು ಹೊಸ ವಂಶವನ್ನು ಸೂರ್ಯನಿಂದ ಇಳಿಸಿದರು. ಅಷ್ಟರಲ್ಲಿ ಅರಳೆಯಮ್ಮನ ಗಂಡನೂ ತೀರಿಕೊಂಡಿದ್ದ. ಬಿಲ್ಲಿನ ಮುಂದೆ ಈಗ ಮಗಳು ಕೂರುತ್ತಿದ್ದಳು. ಅಮ್ಮ ಕೊಡತಿ ಹಿಡಿದದ್ದನ್ನು ನೋಡಿ ಬೆಳೆದವಳು, ಅದು ಹೆಂಗಸರ ಕೆಲಸವಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೊಸ ಅರಮನೆಯಿಂದ ಒಬ್ಬ ಯುವಕ ಬಂದು, ಹೊಸ ದೊರೆಗೆ ಯಾರೂ ಕಂಡು ಕೇಳರಿಯದಂಥ ಹಾಸಿಗೆ ಬೇಕು ಎಂದ.

"ಅವರು ಯಾವ ಮಗ್ಗುಲಿಗೆ ಮಲಗ್ತಾರೆ?" ಎಂದು ಕೇಳಿದಳು ಮುದುಕಿಯಾಗಿದ್ದ ಅರಳೆಯಮ್ಮ.

ಅವನಿಗೆ ಗೊತ್ತಿರಲಿಲ್ಲ.

"ಕೇಳ್ಕೊಂಡು ಬಾ, ಮಗು. ನಾನು ಇಲ್ಲೇ ಇರ್ತೀನಿ," ಎಂದು ಹೇಳಿ, ಅವಳು ಪಕ್ಕದ ಮನೆಯಲ್ಲಿ ಹುಟ್ಟಿದ ಕೂಸಿಗೆ ಹೊಲಿಯುತ್ತಿದ್ದ ಪುಟ್ಟ ಹಾಸಿಗೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.