ಅಮಾಸಿ ದಿನ ಎದ್ದ ಗೋಡೆ

ಅಮಾವಾಸ್ಯೆಯ ನಸುಕು. ಶಂಶಾಬಾದಿನ ನಿಲ್ದಾಣದಿಂದ ಎದ್ದ ವಿಮಾನವೊಂದು ದೀಪ ಮಿಣುಕಿಸುತ್ತ ತಲೆಯ ಮೇಲೆ ಹಾದು ಹೋಗುತ್ತದೆ. ಕೆಳಗೆ, ಅರ್ಧ ಮೇಲೆದ್ದ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಒಂದು ನರಪಿಳ್ಳೆಯೂ ಮಿಸುಕುವುದಿಲ್ಲ. ಇವತ್ತು ಕೆಲಸಕ್ಕೆ ರಜೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದಿರುವ ಇಲ್ಲಿನ ಗೌಂಡಿಗಳು ಅಮಾವಾಸ್ಯೆಯ ದಿನ ಇಟ್ಟಿಗೆ ಮುಟ್ಟುವುದಿಲ್ಲ. ಹೈದರಾಬಾದಿಗೆ ಗಂಟುಮೂಟೆ ತಂದಾಗ ಆ ಪದ್ಧತಿಯನ್ನೂ ಜೊತೆಗೆ ತಂದಿದ್ದಾರೆ. ಗಾರೆ ಮೆತ್ತುವ ಕರಣಿ ತೊಳೆದು ಮೂಲೆಗಿಟ್ಟು ಮುಸುಕು ಹೊದ್ದು ಮಲಗಿದ್ದಾರೆ.

ಎದ್ದಿರುವವರು ಒಬ್ಬರೇ, ಗದಿಗೆಮ್ಮ. ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಡ್ರಮ್ಮಿನ ನೀರಿನಲ್ಲಿ ಇಟ್ಟಿಗೆ ನೆನೆಹಾಕುತ್ತಿದ್ದಾರೆ. ಪಕ್ಕದಲ್ಲೇ ಒಂದು ಪುಟ್ಟ ಚೌಕ. ಮೂರು ಕಡೆ ಆಳೆತ್ತರದ ಗೋಡೆ ಎದ್ದಿದೆ. ನಾಲ್ಕನೆಯ ಕಡೆ ಬಯಲು. ಅಲ್ಲಿ ಒಂದು ಹಳೆಯ ಸೀರೆ ಪರದೆಯಾಗಿ ತೂಗುತ್ತಿದೆ.

"ಸಂಜೀ ಒಳಗ ಇದು ಮುಗೀಬೇಕ್ರಿ" ಎನ್ನುತ್ತಾರೆ, ಕೈ ನಿಲ್ಲಿಸದೆ. "ನಿನ್ನಿ ರಾತ್ರಿ ಗುರುದೇವಿ ಹಡದಾಳ. ಹೆಣ್ಣು ಕೂಸು. ಇನ್ನೂ ದಿನ ಐತಿ ಅಂತ ನಾವು ಆರಾಮ ಇದ್ವಿ. ಆಕಿ ನನಗ ಮೋಸ ಮಾಡಿದ್ಲು ನೋಡ್ರಿ!" ಹೇಳಿ ತಾವೇ ನಗುತ್ತಾರೆ.

ಗುರುದೇವಿ ಪಕ್ಕದ ಶೆಡ್ಡಿನ ಹುಡುಗಿ, ಇದೇ ಸೈಟಿನ ಕೂಲಿ. ಹಡೆಯಲು ತವರಿಗೆ ಹೋಗೋಣವೆಂದರೆ ತವರಿನಲ್ಲಿ ತಾಯಿ ಇಲ್ಲ. ಈಗ ಸರಕಾರಿ ಆಸ್ಪತ್ರೆಯಲ್ಲಿದ್ದಾಳೆ, ಅಲ್ಲಿಯವರು ಎರಡು ಮೂರು ದಿನಕ್ಕೆ ಕಳಿಸಿಬಿಡುತ್ತಾರೆ. ಬಂದ ಮೇಲೆ ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಬೇಕು. ಎಲ್ಲಿ? ಗದಿಗೆಮ್ಮನ ತಲೆಯಲ್ಲಿ ತಿಂಗಳುಗಳಿಂದ ಕುಳಿತಿರುವ ಪ್ರಶ್ನೆ ಇದೊಂದೇ. ಇವರು ಕಟ್ಟುತ್ತಿರುವುದು ಬಚ್ಚಲು.

"ಊರಾಗಾದ್ರ ಬಾಣಂತಿಗೆ ಕತ್ತಲ ಖೋಲಿ, ಹಂಡೇದ ನೀರು, ಮೈ ತಿಕ್ಕಾಕ ಹತ್ತು ಕೈ. ಇಲ್ಲಿ ಆಕೀಗೆ ನಾ ಒಬ್ಬಾಕಿ. ಬಯಲಾಗ ಹಸೀ ಬಾಣಂತಿ ಮೈಗೆ ನೀರು ಹಾಕಾಕ ಬರ್ತೈತೇನ್ರಿ? ಗಾಳಿ ಹೊಕ್ಕರ ಏನ್ಮಾಡೂದು?"

ಶೆಡ್ಡಿನ ಹೆಂಗಸರಿಗೆಲ್ಲ ಇಷ್ಟು ದಿನ ಬಚ್ಚಲೆಂದರೆ ನಾಲ್ಕು ಗೂಟ, ಎರಡು ಸೀರೆ. ಬೆಳಕು ಹರಿಯುವ ಮೊದಲೇ ಗಡಿಬಿಡಿಯಲ್ಲಿ ಮೈಗೆ ನೀರು ಸುರಿದುಕೊಂಡು ಓಡಬೇಕು. ಕಟ್ಟಡ ನೆಲಮಟ್ಟದಲ್ಲಿದ್ದಾಗ ಹೇಗೋ ನಡೆಯುತ್ತಿತ್ತು. ಅದು ಅಂತಸ್ತಿನ ಮೇಲೆ ಅಂತಸ್ತು ಏರಿದಂತೆ ಮೇಲಿಂದ ಇಣುಕುವ ಕಣ್ಣುಗಳೂ ಏರಿದವು. "ಇಟ್ಟಂಗಿ ಹೊತ್ತು ಅದನ್ನ ಮ್ಯಾಲ ಎಬ್ಬಿಸಿದವ್ರು ನಾವ. ಅದು ಎದ್ದಷ್ಟೂ ನಮ್ಮ ಪರದಿ ಗಿಡ್ಡ ಆಗಾಕತ್ತಿತ್ತು. ಸಿಟ್ಟು ಬರ್ತೈತೋ ಇಲ್ಲೋ ನೀವ ಹೇಳ್ರಿ" ಎಂದು ಕೇಳುತ್ತಾರೆ ಗದಿಗೆಮ್ಮ. ಬರದೆ ಏನು?

ಸುರಪುರದ ಕಡೆಯ ಹಳ್ಳಿಯ ಈ ಹೆಣ್ಣುಮಗಳು ಹೈದರಾಬಾದಿಗೆ ಬಂದು ಹನ್ನೆರಡು ವರ್ಷ. ಮಾದಾಪುರದಲ್ಲಿ ಗಾಜಿನ ಕಚೇರಿಗಳಿಗೆ, ಬಾಲಾನಗರದಲ್ಲಿ ಕಾರ್ಖಾನೆಯ ಗೋಡೆಗೆ ಇಟ್ಟಿಗೆ ಹೊತ್ತು ಈಗ ಶಂಶಾಬಾದಿಗೆ ಬಂದಿದ್ದಾರೆ. ದಿನಕ್ಕೆ ಎಷ್ಟು ಇಟ್ಟಿಗೆ ಹೊರುತ್ತೀರಿ ಎಂದು ಕೇಳಿದರೆ, "ಎಣಿಸಿದ್ರ ಕುತ್ತಿಗಿ ಇನ್ನೂ ಜಾಸ್ತಿ ನೋಯ್ತೈತ್ರಿ, ಎಣಿಸಂಗಿಲ್ಲ" ಎಂಬ ಉತ್ತರ ಬರುತ್ತದೆ. ಅವರ ಜೊತೆ ಗಾರೆಯ ಬಾಂಡ್ಲಿ ಹೊತ್ತುಕೊಂಡೇ ಬಂದ ಗಂಡಾಳುಗಳೆಲ್ಲ ನಾಲ್ಕಾರು ವರ್ಷದಲ್ಲಿ ಕರಣಿ ಹಿಡಿದು ಗೌಂಡಿಗಳಾದರು. ಹೆಣ್ಣಾಳುಗಳ ತಲೆಯ ಮೇಲಿನ ಬಾಂಡ್ಲಿ ಮಾತ್ರ ಕೆಳಗಿಳಿಯಲಿಲ್ಲ. ಒಮ್ಮೆ ಕರಣಿ ಕೇಳಿದ್ದಕ್ಕೆ ಇಡೀ ಅಂತಸ್ತು ನಕ್ಕಿತ್ತಂತೆ. ಆ ನಗುವನ್ನು ಇವರು ಇವತ್ತಿಗೂ ಮರೆತಿಲ್ಲ.

ದೊಡ್ಡ ದೊಡ್ಡ ಕನಸಿನ ಮಾತೆಂದರೆ ಗದಿಗೆಮ್ಮನಿಗೆ ಆಗದು. ಅದಕ್ಕೆ ಕಾರಣ ಮನೆಯಲ್ಲೇ ಇದೆ. ಸೆಂಟ್ರಿಂಗ್ ಕೆಲಸ ಮಾಡುವ ಗಂಡ ಪರಮೇಶ ಪ್ರತಿ ಯುಗಾದಿಗೂ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, ಈ ವರ್ಷ ಊರಲ್ಲಿ ಮನೆ ಕಟ್ಟಿಸಿಯೇ ಸೈ ಎನ್ನುತ್ತಾರೆ. "ಹನ್ನೆರಡು ಯುಗಾದಿ ಆತ್ರಿ. ಮನಿ ಅವರ ಬಾಯಾಗ ಮೂರು ಅಂತಸ್ತು ಎದ್ದೈತಿ, ಊರಾಗ ಒಂದು ಇಟ್ಟಂಗಿ ಇಟ್ಟಿಲ್ಲ!" ಪಕ್ಕದ ಶೆಡ್ಡಿನೊಳಗಿಂದ ಪರಮೇಶರ ಕೆಮ್ಮು ಕೇಳುತ್ತದೆ. ಎಚ್ಚರವಿದ್ದಾರೆ, ಪಾಪ.

ಗದಿಗೆಮ್ಮನ ಲೆಕ್ಕ ಬೇರೆ. ಅಮಾವಾಸ್ಯೆಯ ದಿನ ಸೆರಗಿನ ತುದಿಗೆ ಒಂದು ಗಂಟು. ಒಂದೇ ಕೆಲಸ, ಒಂದೇ ಗಂಟು. ಮುಂದಿನ ಅಮಾವಾಸ್ಯೆಯೊಳಗೆ ಆ ಕೆಲಸ ಮುಗಿಸಿ ಗಂಟು ಬಿಚ್ಚಬೇಕು. ಅದು ಬಿಚ್ಚುವ ತನಕ ಎರಡನೆಯದು ಕಟ್ಟುವಂತಿಲ್ಲ. "ವರ್ಷದ ಮಾತು ನಮಗ್ಯಾಕ್ರಿ? ಬರೂ ಯುಗಾದಿಗೆ ಯಾವ ಸೈಟಿನ್ಯಾಗ ಇರ್ತೀವೋ ಯಾರಿಗ್ಗೊತ್ತು. ಅಮಾಸಿಂದ ಅಮಾಸಿ ತನಾ ಆದ್ರ ಕೈಯಾಗ ಐತಿ" ಎನ್ನುತ್ತಾರೆ.

ಬಸ್ಸಿನ ಬೋರ್ಡಿನ ಮೇಲಿನ ತೆಲುಗು ಅಕ್ಷರ ಗುರುತು ಹಿಡಿದದ್ದು ಒಂದು ಗಂಟಿನಲ್ಲಿ. ಯಾರ ಜೊತೆಯೂ ಇಲ್ಲದೆ ಬಸ್ಸು, ಮೆಟ್ರೊ ಹತ್ತಿ ಮಾದಾಪುರದ ಗೆಳತಿಯನ್ನು ಕಂಡು ಬಂದದ್ದು ಇನ್ನೊಂದರಲ್ಲಿ. ಎಲ್ಲ ಗಂಟುಗಳೂ ಬಿಚ್ಚಿದವು ಅಂತೇನಿಲ್ಲ. ತಂಬಾಕು ಬಿಡುತ್ತೇನೆಂದು ಕಟ್ಟಿದ ಗಂಟು ಏನಾಯಿತು? ಗದಿಗೆಮ್ಮ ಕೆನ್ನೆಯೊಳಗಿನದನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಾರೆ. "ಗಂಟು ಬಿಚ್ಚಲಿಲ್ರಿ. ಸೀರೀನ ಹರದುಹೋತು."

ಗುರುದೇವಿಗೆ ಆರು ತಿಂಗಳಾದಾಗ ಬಚ್ಚಲಿನ ಮೊದಲ ಗಂಟು ಬಿತ್ತು. ಒಂದು ಅಮಾವಾಸ್ಯೆಗೆ ಒಂದು ಗೋಡೆ, ಗೋಡೆಗೊಂದು ಗಂಟು, ಹೆರಿಗೆಯೊಳಗೆ ನಾಲ್ಕು. ಒಡಕು ಇಟ್ಟಿಗೆ, ಚೀಲದ ತಳದಲ್ಲಿ ಉಳಿದ ಸಿಮೆಂಟು ಕೇಳಿದಾಗ ಸೈಟಿನ ಸೂಪರ್‌ವೈಸರ್ ನಿಶಾಂತ "ಚೆತ್ತೇ ಕದಮ್ಮಾ, ತೀಸ್ಕೋ" ಎಂದು ತೆಲುಗಿನಲ್ಲಿ ಹೇಳಿ ಕೈಬೀಸಿದ. ಕಸ ತಾನೆ, ತಗೋ ಎಂದರ್ಥ. ಹಿಡಿ ಮುರಿದು ಯಾರೋ ಬಿಸಾಕಿದ್ದ ಕರಣಿಗೆ ಗದಿಗೆಮ್ಮ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡರು. ಅಡ್ಡ ಬಂದವರು ಹುಸೇನಪ್ಪ, ದೇವದುರ್ಗದ ಕಡೆಯವರು, ಇಲ್ಲಿನ ಗೌಂಡಿಗಳಿಗೆಲ್ಲ ಮೇಸ್ತ್ರಿ.

"ಅಮಾಸಿ ದಿನ ಎಬ್ಬಿಸಿದ ಗ್ವಾಡಿ ನಿಂದ್ರಂಗಿಲ್ಲ, ಗದಿಗೆವ್ವ. ಅದ್ರಾಗ ಹೆಣ್ಮಗಳು ಕರಣಿ ಹಿಡದದ್ದು. ಕೂಸು ಹುಟ್ಟೂಕ ಮೊದ್ಲ ಕುಲಾಯಿ ಹೊಲದ್ಹಂಗಾತು ನಿಂದು" ಎಂದರಂತೆ.

"ಕುಲಾಯಿ ಅಲ್ರಿ ಮೇಸ್ತ್ರಿ, ಬಚ್ಚಲ" ಎಂದರು ಇವರು. "ಉಳಿದ ದಿನ ನೀವು ಕರಣಿ ಮುಟ್ಟಾಕ ಬಿಡಂಗಿಲ್ಲ. ನನಗಂತ ಇರೂದು ಅಮಾಸಿ ಒಂದ. ಅದನ್ನೂ ಬಿಟ್ಟುಕೊಡ್ಲೇನು?"

ಮೊದಲನೆಯ ಗೋಡೆ ಎದ್ದಿತು, ನಿಂತಿತು. ಎರಡನೆಯದೂ ಎದ್ದಿತು. ಆ ವಾರ ಗಾಳಿ ಮಳೆ ಹೊಡೆದದ್ದೇ ತಡ, ಮೂಲೆ ಬಾಯಿಬಿಟ್ಟು ಎರಡನೆಯ ಗೋಡೆ ಧೊಪ್ಪನೆ ಕುಸಿಯಿತು. ತುಂಬು ಹೊಟ್ಟೆಯ ಗುರುದೇವಿ ಆ ಗೋಡೆಗಳ ಮರೆಯಲ್ಲೇ ಜಳಕ ಮುಗಿಸಿ ಹೊರಗೆ ಬಂದು ಕೂದಲು ಒರೆಸಿಕೊಳ್ಳುತ್ತಿದ್ದಳು. ಒಳಗೆ ಬಿಟ್ಟು ಬಂದಿದ್ದ ಬಕೆಟ್ಟು ಇಟ್ಟಿಗೆಯ ಕೆಳಗೆ ಅಪ್ಪಚ್ಚಿ.

ಮರಳಲ್ಲಿ ಮಣ್ಣು ಜಾಸ್ತಿ ಇತ್ತು ಎಂದು ಇವರು ಏನೋ ಹೇಳಹೋದರು. ಹುಸೇನಪ್ಪ ಬಿಡಬೇಕಲ್ಲ! "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ಇನ್ನೊಂದ್ಸಲ ಇಟ್ಟಂಗಿ ಇಟ್ಟಿ ಅಂದ್ರ ಗಂಡ ಹೆಂಡ್ತಿ ಇಬ್ರೂ ಈ ಸೈಟ್ ಬಿಡ್ರಿ" ಎಂದು ಎಲ್ಲರೆದುರು ಕೂಗಾಡಿದರು. ಶೆಡ್ಡಿಗೆ ಬಂದ ಗುರುದೇವಿ, "ಯಕ್ಕಾ, ಬ್ಯಾಡ ಬಿಡು. ನಾ ಸೀರಿ ಮರೀಗೇ ಜಳಕ ಮಾಡ್ತೀನಿ" ಎಂದು ಕೈ ಹಿಡಿದುಕೊಂಡಳು.

"ಅವತ್ತು ಅತ್ತೆನ್ರಿ, ಸುಳ್ಳ್ಯಾಕ ಹೇಳ್ಲಿ. ಮೇಸ್ತ್ರಿ ಬೈದದ್ದಕ್ಕಲ್ಲ. ಆ ಹುಡುಗಿ ಬ್ಯಾಡ ಅಂದ್ಲಲ್ಲ, ಅದಕ್ಕ. ಇಷ್ಟು ಸಣ್ಣಾಕಿ ಇಷ್ಟಕ್ಕ ಸಾಕು ಅಂತಾಳಲ್ಲ ಅಂತ ಹೊಟ್ಟಿ ಉರೀತು."

ತಪ್ಪು ಎಲ್ಲಿತ್ತು ಎಂದು ಯಾರೂ ಹೇಳಿಕೊಡಲಿಲ್ಲ. ಒಂದು ಸಂಜೆ ಬಾಂಡ್ಲಿ ಇಳಿಸಿ ನಿಂತಾಗ, ಗೌಂಡಿಯೊಬ್ಬ ಅಂದಿನ ಕೆಲಸ ನಿಲ್ಲಿಸುವುದನ್ನು ನೋಡಿದರು. ಗೋಡೆಯ ಅಂಚನ್ನು ಅವನು ನುಣ್ಣಗೆ ಮುಗಿಸಲಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲಿನ ಇಟ್ಟಿಗೆಯನ್ನು ಅರ್ಧ ಹೊರಗೆ ಚಾಚಿಸಿ ಬಿಟ್ಟ. ಇದನ್ನು ಗೌಂಡಿಗಳು ಹಲ್ಲು ಬಿಡುವುದು ಎನ್ನುತ್ತಾರೆ. ಮರುದಿನದ ಗೋಡೆ ಆ ಸಂದಿಗಳಲ್ಲಿ ಸಿಕ್ಕಿಕೊಂಡು ಹಳೆಯದರ ಜೊತೆ ಒಂದಾಗುತ್ತದೆ. ಹನ್ನೆರಡು ವರ್ಷ ದಿನಾ ಕಣ್ಣೆದುರಿಗೇ ಇದ್ದದ್ದು! ತಲೆಯ ಮೇಲೆ ಭಾರವಿದ್ದವರು ಮೂಲೆ ಎಲ್ಲಿ ನೋಡುತ್ತಾರೆ?

"ಗಂಟು ಬಿಚ್ಚೂ ಹುರುಪಿನ್ಯಾಗ ನಾ ಮೊದಲ್ನೇ ಗ್ವಾಡೀನ ಚಂದಗ ಅಂಚು ಸವರಿ ಮುಗಿಸಿಬಿಟ್ಟಿದ್ದೆ. ಇವತ್ತಿಂದು ಮುಗೀತು ಅಂತ ಕೈ ತೊಳಕೊಂಡಿದ್ದೆ. ನಾಳಿದು ಎಲ್ಲಿ ಹಿಡಕೋಬೇಕು, ಹೇಳ್ರಿ?"

ಮೂರನೆಯ ಅಮಾವಾಸ್ಯೆಗೆ ಸಿಟ್ಟೆಲ್ಲ ಕೈಗಿಳಿಯಿತು. ನಿಂತಿದ್ದ ಗೋಡೆಯ ಎರಡೂ ಅಂಚನ್ನು ಉಳಿಯಿಂದ ಕಡಿದು ಹಲ್ಲು ಮಾಡಿ, ಬಿದ್ದದ್ದನ್ನೂ ಹೊಸದನ್ನೂ ಒಂದೇ ದಿನ ಎಬ್ಬಿಸಿದರು. ಹುಸೇನಪ್ಪ ಓಡಿ ಬಂದರು. ಅಷ್ಟರಲ್ಲಿ ಶೆಡ್ಡಿನ ಹೆಂಗಸರೆಲ್ಲ ಸಿಮೆಂಟು ಮರಳಿನ ಮಾಲು ಕಲಸಲು, ಇಟ್ಟಿಗೆ ಕೊಡಲು ಸಾಲುಗಟ್ಟಿ ನಿಂತಿದ್ದರು. ಗದಿಗೆಮ್ಮನನ್ನು ಕೆಲಸ ಬಿಡಿಸಿದರೆ ನಾಳೆ ಬಾಂಡ್ಲಿ ಹೊರಲು ಒಬ್ಬಳೂ ಬರುವುದಿಲ್ಲ ಎಂಬುದು ಮೇಸ್ತ್ರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೊಣಗುತ್ತ ಹಿಂದಿರುಗಿದರು.

ಇವತ್ತು ನಾಲ್ಕನೆಯದು. ಬಿಸಿಲು ಏರುತ್ತದೆ. ನೆನೆದ ಇಟ್ಟಿಗೆ, ಮಾಲು, ಮತ್ತೆ ಇಟ್ಟಿಗೆ. ದಾರಕ್ಕೆ ಕಟ್ಟಿದ ಗುಂಡನ್ನು ಗೋಡೆಗುಂಟ ಇಳಿಬಿಟ್ಟು ಗದಿಗೆಮ್ಮ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಸೊಟ್ಟ ಕಂಡರೆ ತಮಗೆ ತಾವೇ ಬೈದುಕೊಂಡು ಇಟ್ಟಿಗೆ ಕಿತ್ತು ಮತ್ತೆ ಇಡುತ್ತಾರೆ. ಮಧ್ಯಾಹ್ನ ಪರಮೇಶ ಬಾಗಿಲಿಗೊಂದು ಹಳೇ ಹಲಗೆ ಹೊತ್ತು ತರುತ್ತಾರೆ. ಮೇಲೆ ಹೊದಿಸಲು ತಗಡನ್ನೂ ಅವರೇ ಹುಡುಕಿಟ್ಟಿದ್ದಾರೆ. ಊರಿನ ಮನೆಯ ಮಾತು ಇವತ್ತು ಒಮ್ಮೆಯೂ ಬಂದಿಲ್ಲ.

ಕೊನೆಯ ಸಾಲು ಕೂರುವ ಹೊತ್ತಿಗೆ ಹುಸೇನಪ್ಪ ಬಂದು ನಿಲ್ಲುತ್ತಾರೆ. ಹಿಂದೆ ಬಿದ್ದಿದ್ದ ಅದೇ ಮೂಲೆಗೆ ಹೋಗಿ ಭುಜ ಕೊಟ್ಟು ನೂಕುತ್ತಾರೆ. ಇಟ್ಟಿಗೆ ಕೊಡುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಾರೆ. ಕಾಲೂರಿ ಮತ್ತೊಮ್ಮೆ ನೂಕುತ್ತಾರೆ. ಗೋಡೆ ಜಪ್ಪಯ್ಯ ಅನ್ನುವುದಿಲ್ಲ.

"ನಿಂತೈತಲ್ರಿ, ಮೇಸ್ತ್ರಿ?" ಗದಿಗೆಮ್ಮನ ಪ್ರಶ್ನೆ.

"ಒಂದು ಮಳಿಗಾಲ ಹೋಗ್ಲಿ, ನೋಡೂಣು" ಎಂದು ಹುಸೇನಪ್ಪ ಭುಜ ಝಾಡಿಸಿಕೊಂಡು ಹೊರಡುತ್ತಾರೆ.

ಗದಿಗೆಮ್ಮ ಸೆರಗಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಾರೆ. ಸಿಮೆಂಟಿನ ಕೈಯಲ್ಲಿ ಅದು ಸುಲಭಕ್ಕೆ ಬಿಚ್ಚುವುದಿಲ್ಲ.

ಮೂರು ದಿನ ಬೆಳಿಗ್ಗೆ ಸಂಜೆ ಗೋಡೆಗೆ ನೀರುಣಿಸುತ್ತಾರೆ. ನಾಲ್ಕನೆಯ ದಿನ ಮುಂಜಾನೆ ಬಚ್ಚಲಿನ ಹೊರಗೆ ಮೂರು ಕಲ್ಲಿನ ಒಲೆ ಉರಿಯುತ್ತದೆ. ಒಳಗೆ ಆಸ್ಪತ್ರೆಯಿಂದ ಬಂದ ಗುರುದೇವಿ. ಬಾಗಿಲ ಹಲಗೆ ಮುಚ್ಚಿದೆ. ಹಂಡೆಯ ನೀರು ಬೀಳುವ ಸದ್ದು, ತಗಡಿನ ಸಂದಿಯಿಂದ ಹಬೆ, ಶೀಗೆಯ ವಾಸನೆ. "ಯಕ್ಕಾ, ನೀರು ಭಾಳ ಸುಡಾಕತ್ತೈತಿ!" ಎಂಬ ಕೂಗಿಗೆ "ಸುಡ್ಲಿ, ಸುಮ್ನ ಕೂಡು" ಎಂಬ ಗದರಿಕೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಣ್ಣ ಹಾಡಿನ ಗುನುಗು. ಹೊತ್ತು ಮೇಲೇರಿದೆ, ಕಟ್ಟಡದ ಮೇಲೆ ಗಂಡಸರು ಕೆಲಸಕ್ಕೆ ಹತ್ತಿದ್ದಾರೆ, ಗುರುದೇವಿಗೆ ಅವಸರವೇ ಇಲ್ಲ.

ಈ ಸೈಟ್ ಮುಗಿದ ಮೇಲೆ ಇದನ್ನು ಕೆಡವಿಬಿಡುತ್ತಾರಲ್ಲ ಎಂದು ಕೇಳಿದರೆ, ಹೊರಗೆ ಬಂದ ಗದಿಗೆಮ್ಮ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. "ಕೆಡವ್ಲಿ ತಗೋರಿ. ಮುಂದಿನ ಸೈಟಿನ್ಯಾಗ ಇಟ್ಟಂಗಿ ಇರಂಗಿಲ್ಲೇನು? ಕೈಗಳಂತೂ ನನ್ನ ಜೋಡಿನ ಬರ್ತಾವ."

ಅಷ್ಟರಲ್ಲಿ ಹುಸೇನಪ್ಪ ಆ ದಾರಿಯಾಗಿ ಬರುತ್ತಾರೆ. ಕೆಲಸಕ್ಕೆ ಹೊತ್ತಾಯಿತೆಂದು ರೇಗಲು ಬಂದವರ ಕಣ್ಣು ಬಚ್ಚಲಿನ ಹೊರಮೂಲೆಯ ಮೇಲೆ ನಿಲ್ಲುತ್ತದೆ. ನಾಲ್ಕನೆಯ ಗೋಡೆಯ ಅಂಚು ನುಣ್ಣಗಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲು ಇಟ್ಟಿಗೆ ಬಯಲಿನ ಕಡೆಗೆ ಚಾಚಿಕೊಂಡಿವೆ.

"ನಾಕೂ ಗ್ವಾಡಿ ಮುಗದಾವಲ್ಲ. ಇಲ್ಲಿ ಹಲ್ಲ್ಯಾಕ ಬಿಟ್ಟೀದಿ?"

ಗದಿಗೆಮ್ಮ ಸೆರಗಿನ ತುದಿ ಹಿಡಿದು ಮುಂದೆ ಚಾಚುತ್ತಾರೆ. ಅಲ್ಲೊಂದು ಹೊಸ ಗಂಟು.

"ಬಾಜೂಕ ಇನ್ನೊಂದು ಬಚ್ಚಲ ಎಬ್ಬಿಸೂದೈತ್ರಿ. ಹೆಣ್ಮಕ್ಳು ಭಾಳ ಮಂದಿ ಅದೀವಿ" ಎನ್ನುತ್ತಾರೆ. "ಬರೂ ಅಮಾಸಿಗೆ ನಿಮಗ ಹೆಂಗೂ ರಜಾ. ನನಗ ಮಾಲು ಕಲಸಿ ಕೊಡಾಕ ಒಂದಾಳು ಬೇಕು. ಬರ್ತೀರೇನು, ಮೇಸ್ತ್ರಿ?"